ಹಾರ್ಟ್‌ಬ್ಲೀಡ್: ಪ್ಯಾಚ್ ಹಾಕಿದ ಮೇಲೆ ಉಳಿಯುವ ಕೆಲಸ

ಸರ್ವರ್ ಮೆಮೊರಿಯಲ್ಲಿನ ಗುಟ್ಟುಗಳನ್ನು ಸೋರಿಸುವ ಹಾರ್ಟ್‌ಬ್ಲೀಡ್ ಎಂಬ ದೋಷದ ಸುದ್ದಿ ಹೊರಬಿದ್ದದ್ದು 2014ರ ಏಪ್ರಿಲ್ 7ರಂದು. ಇಂಟರ್ನೆಟ್ ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಪಾಡುವ (ಟಿಎಲ್‌ಎಸ್) ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ 1.0.1ರಿಂದ 1.0.1ಎಫ್‌ವರೆಗಿನ ಆವೃತ್ತಿಗಳಲ್ಲಿ ದೋಷವಿತ್ತು, 1.0.1ಜಿಯಲ್ಲಿ ಸರಿಯಾಯಿತು. 0.9.8 ಮತ್ತು 1.0.0ಗೆ ತೊಂದರೆಯಿಲ್ಲ. ಅಪ್‌ಡೇಟ್ ಕಾಣದ ಹಳೇ ಸರ್ವರ್‌ಗಳೇ ಬಚಾವಾದವು! ದೋಷವಿದ್ದ ಆವೃತ್ತಿಯು ಹಾರ್ಟ್‌ಬೀಟ್ (ಸಂಪರ್ಕ ಜೀವಂತವಿದೆಯೇ ಎಂದು ಕೇಳುವ) ಕೋರಿಕೆಯಲ್ಲಿ ಎದುರಿನವರು ಹೇಳಿದ ಉದ್ದವನ್ನು ಪರೀಕ್ಷಿಸದೆ, ಅಷ್ಟು ಬೈಟ್‌ಗಳನ್ನು ಮೆಮೊರಿಯಿಂದ ಎತ್ತಿ ಕಳಿಸಿಬಿಡುತ್ತಿತ್ತು. ಒಂದು ಸಲಕ್ಕೆ 64 ಕೆಬಿವರೆಗೆ, ಎಷ್ಟು ಸಲ ಬೇಕಾದರೂ. ಸಾಮಾನ್ಯ ಲಾಗ್‌ಗಳಲ್ಲಿ ಗುರುತು ಉಳಿಯದ ಕಾರಣ, ನನ್ನ ಸರ್ವರ್‌ನ ಖಾಸಗಿ ಕೀ (ಅದರ ಗುರುತನ್ನು ಸಾಬೀತುಪಡಿಸುವ ಗುಟ್ಟಿನ ಸಂಖ್ಯೆ) ಸೋರಿದೆ ಎಂದೇ ಲೆಕ್ಕ ಹಾಕಿದೆ.

ಆವೃತ್ತಿ ಸಂಖ್ಯೆ ನೋಡಿ ಮೋಸಹೋಗಬಾರದು. ಲಿನಕ್ಸ್ ವಿತರಿಸುವ ಡೆಬಿಯನ್, ರೆಡ್‌ಹ್ಯಾಟ್‌ನವರು ಹಳೇ 1.0.1ಇಗೇ ತೇಪೆ ಹಾಕಿದ್ದರಿಂದ ಪ್ಯಾಚ್ ಆದ ಮೇಲೂ 1.0.1ಇ ಎಂದೇ ತೋರಿಸುತ್ತದೆ. ನಾನು ನೋಡಿದ್ದು ಪ್ಯಾಕೇಜಿನ ಪೂರ್ತಿ ಸಂಖ್ಯೆಯನ್ನು. ಡೆಬಿಯನ್ 7ರಲ್ಲಿ ಅದರ ಕೊನೆ ‘ಡೆಬ್7ಯು5’ ಅಥವಾ ಅದಕ್ಕಿಂತ ಮುಂದಿನದಾಗಿರಬೇಕು.

ಪ್ಯಾಕೇಜ್ ಬದಲಾದರೂ ಓಡುತ್ತಿರುವ ಪ್ರೋಸೆಸ್ ಹಳೇ ಲೈಬ್ರರಿಯನ್ನೇ ಹಿಡಿದುಕೊಂಡಿರುತ್ತದೆ. ತೆರೆದಿರುವ ಫೈಲುಗಳನ್ನು ತೋರಿಸುವ ಎಲ್‌ಎಸ್‌ಒಎಫ್ ಓಡಿಸಿ, ಡಿಲೀಟ್ ಆದ ಲಿಬ್‌ಎಸ್‌ಎಸ್‌ಎಲ್ (ಓಪನ್‌ಎಸ್‌ಎಸ್‌ಎಲ್‌ನ ಲೈಬ್ರರಿ ಫೈಲು) ಯಾರ ಕೈಯಲ್ಲಿದೆ ಎಂದು ಹುಡುಕಿದೆ. ವೆಬ್ ಸರ್ವರ್ ಎಲ್ಲರಿಗೂ ನೆನಪಾಗುತ್ತದೆ. ಮೇಲ್ ನೋಡಿಕೊಳ್ಳುವ ಪೋಸ್ಟ್‌ಫಿಕ್ಸ್, ಡವ್‌ಕಾಟ್, ವಿಪಿಎನ್ ನಡೆಸುವ ಓಪನ್‌ವಿಪಿಎನ್ ಮರೆತುಹೋಗುತ್ತವೆ. ರೀಲೋಡ್ ನಂಬದೆ ಪೂರ್ತಿ ನಿಲ್ಲಿಸಿ ಶುರು ಮಾಡಿದೆ. ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿದ (ಲೈಬ್ರರಿಯನ್ನು ತಮ್ಮೊಳಗೇ ಸೇರಿಸಿಕೊಂಡ) ಪ್ರೋಗ್ರಾಂಗಳು ಈ ಹುಡುಕಾಟದಲ್ಲಿ ಸಿಗುವುದಿಲ್ಲ, ಅವನ್ನು ಮತ್ತೆ ಬಿಲ್ಡ್ ಮಾಡಬೇಕು. ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಟಿಎಲ್‌ಎಸ್ ಬಳಸದಿರುವುದರಿಂದ ಅದರ ಗೊಡವೆಯಿಲ್ಲ.

ಇಷ್ಟಾದ ಮೇಲೇ ಹೊಸ ಕೀ. ಮೊದಲೇ ಮಾಡಿದರೆ ಅದೂ ಅದೇ ತೂತಿನಿಂದ ಸೋರಬಹುದು. ಇಲ್ಲೇ ಹೆಚ್ಚಿನವರು ಎಡವುವುದು: ಹಳೇ ಸಿಎಸ್‌ಆರ್ (ಹಳೇ ಕೀಯಿಂದ ಮಾಡಿದ ಸರ್ಟಿಫಿಕೇಟ್ ಅರ್ಜಿ) ಕೊಟ್ಟು ಸರ್ಟಿಫಿಕೇಟ್ ಮರುವಿತರಣೆ ಮಾಡಿಸಿಕೊಳ್ಳುತ್ತಾರೆ. ದಿನಾಂಕ ಹೊಸದು, ಕೀ ಹಳೆಯದೇ. ಎರಡೂ ಸರ್ಟಿಫಿಕೇಟ್‌ಗಳ ಮಾಡ್ಯುಲಸ್ (ಕೀಯನ್ನು ಗುರುತಿಸುವ ಸಂಖ್ಯೆ) ತೆಗೆದು ಹೋಲಿಸಿದೆ. ಒಂದೇ ಬಂದರೆ ಕೆಲಸ ಆಗಿಲ್ಲವೆಂದೇ ಅರ್ಥ. ಹೊಸದು ಜಾರಿಗೆ ಬಂದ ಮೇಲೆ ಹಳೆಯದನ್ನು ರಿವೋಕ್ (ರದ್ದು) ಮಾಡಿಸಿದೆ. ಆಮೇಲೆ ಲಾಗಿನ್ ಸೆಷನ್‌ಗಳನ್ನೆಲ್ಲ ಅಳಿಸಿ, ಪಾಸ್‌ವರ್ಡ್ ಬದಲಾವಣೆಯನ್ನು ಕೊನೆಗೆ ಇಟ್ಟುಕೊಂಡೆ.

ಫಾರ್ವರ್ಡ್ ಸೀಕ್ರೆಸಿ (ಪ್ರತಿ ಸಂಪರ್ಕಕ್ಕೂ ಬೇರೆ ತಾತ್ಕಾಲಿಕ ಕೀ) ಇಲ್ಲದೆ ಬರೀ ಆರ್‌ಎಸ್‌ಎ ಕೀ ವಿನಿಮಯ ಇದ್ದರೆ, ಹಿಂದೆ ಯಾರಾದರೂ ಹಿಡಿದಿಟ್ಟ ದಟ್ಟಣೆಯನ್ನೂ ಕದ್ದ ಕೀಯಿಂದ ಬಿಡಿಸಬಹುದು. ಹಾಗಾಗಿ ಫಾರ್ವರ್ಡ್ ಸೀಕ್ರೆಸಿ ಕೊಡುವ ಇಸಿಡಿಎಚ್‌ಇ ಸೈಫರ್‌ಗಳನ್ನು ಪಟ್ಟಿಯ ಮೇಲಕ್ಕೆ ತಂದೆ.

ಕೊನೆಗೆ ಪೋರ್ಟ್‌ಗಳನ್ನು ಪರೀಕ್ಷಿಸುವ ಎನ್‌ಮ್ಯಾಪ್‌ನ ಹಾರ್ಟ್‌ಬ್ಲೀಡ್ ಸ್ಕ್ರಿಪ್ಟನ್ನು ವೆಬ್‌ನ 443ರ ಜೊತೆಗೆ ಮೇಲ್‌ನ 465, 587, 993, 995 ಪೋರ್ಟ್‌ಗಳ ಮೇಲೂ ಓಡಿಸಿದೆ. ಕೋರಿಕೆಗಳನ್ನು ಹಲವು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಮುಂದಿದ್ದರೆ ಅದರ ಹಿಂದಿನ ಒಂದೊಂದು ಯಂತ್ರವನ್ನೂ ನೇರವಾಗಿ ಪರೀಕ್ಷಿಸಬೇಕು, ಇಲ್ಲದಿದ್ದರೆ ಉತ್ತರ ಕೊಟ್ಟದ್ದು ಯಾವುದೆಂದೇ ತಿಳಿಯುವುದಿಲ್ಲ.