ಒಂದು ಸ್ಟಿಕರ್ ಹೋದರೆ ಸ್ಟ್ರೀಟ್ ಡೇಟೂ ಹೋಯಿತು

ಸಿನಿಮಾ ಆಟಿಕೆ ಹೇಳಿದ ದಿನಕ್ಕಿಂತ ಮುಂಚೆ ಅಂಗಡಿಯಲ್ಲಿ ಕಂಡರೆ, ಯಾರೋ ದುಡ್ಡಿನಾಸೆಗೆ ಬಿಟ್ಟರು ಅಂತಲೇ ಜನ ತಿಳಿಯುತ್ತಾರೆ. ಅಮೆರಿಕದ ಒಂದು ದೊಡ್ಡ ಅಂಗಡಿಯ ಆಟಿಕೆ ವಿಭಾಗದಲ್ಲಿ ರಾತ್ರಿ ಪಾಳಿಯಲ್ಲಿ ಮಾಲು ಇಳಿಸಿ ಜೋಡಿಸಿದ ನನ್ನ ಅನುಭವ ಬೇರೆ. ಸ್ಟ್ರೀಟ್ ಡೇಟ್, ಅಂದರೆ ಅದಕ್ಕಿಂತ ಮುಂಚೆ ಮಾರಬಾರದು ಅಂತ ಗೊತ್ತುಮಾಡಿದ ದಿನ, ಮುರಿಯುವುದು ಹೆಚ್ಚಾಗಿ ಹಿಂದಿನ ಕೋಣೆಯಲ್ಲಿ, ಯಾರ ಗಮನಕ್ಕೂ ಬಾರದೆ.

2015ರ ಸ್ಟಾರ್ ವಾರ್ಸ್ ಚಿತ್ರ ‘ದಿ ಫೋರ್ಸ್ ಅವೇಕನ್ಸ್’ ತೆಗೆದುಕೊಳ್ಳಿ. ಚಿತ್ರ ಬಂದದ್ದು ಡಿಸೆಂಬರ್ 18ಕ್ಕೆ, ಆಟಿಕೆ ಮಾರಾಟ ಶುರುವಾದದ್ದು ಸೆಪ್ಟೆಂಬರ್ 3 ಕಳೆದು 4ಕ್ಕೆ ಕಾಲಿಟ್ಟ ರಾತ್ರಿ 12 ಗಂಟೆ 1 ನಿಮಿಷಕ್ಕೆ. ಅಂಥ ರಾತ್ರಿಗೆ ಪೆಗ್ (ಗೊಂಬೆ ತೂಗುಹಾಕುವ ಕೊಕ್ಕೆ) ತುಂಬಿರಬೇಕಾದರೆ ಮಾಲು ಕೆಲವು ದಿನ ಮೊದಲೇ ಬಂದು ಕೂತಿರಬೇಕು. ಕಾವಲು ಕಾಯಬೇಕಾದದ್ದು ಆ ದಿನಗಳಲ್ಲೇ.

ಇಡೀ ಕಾರ್ಟನ್ ಬಂದರೆ ‘ಇಂಥ ದಿನದವರೆಗೆ ಮಾರಬೇಡಿ’ ಎಂಬ ಸ್ಟಿಕರ್ ಇರುತ್ತದೆ, ಅದೂ ಅನೇಕ ಸಲ ಒಂದೇ ಬದಿಗೆ. ಕಾರ್ಟನ್ ಪೇರಿಸುವ ಹಲಗೆಯ, ಅಂದರೆ ಪ್ಯಾಲೆಟ್‌ನ, ಮೇಲೆ ಆ ಬದಿ ಒಳಮುಖವಾದರೆ ಕಾಣುವುದೇ ಇಲ್ಲ. ಇದಕ್ಕಿಂತ ಕಷ್ಟದ್ದು ಬ್ರೇಕ್‌ಪ್ಯಾಕ್: ಗೋದಾಮಿನಲ್ಲೇ ಕಾರ್ಟನ್ ಒಡೆದು, ನಾಲ್ಕು ಗೊಂಬೆ, ಎರಡು ಬೋರ್ಡ್ ಗೇಮ್, ಒಂದಿಷ್ಟು ಪೆನ್ಸಿಲ್ ಡಬ್ಬ ಅಂತ ಬೆರೆಸಿ ಒಂದು ಡಬ್ಬಿಯಲ್ಲಿ ಕಳಿಸುತ್ತಾರೆ. ಸ್ಟಿಕರ್ ಹಳೇ ಕಾರ್ಟನ್ ಜೊತೆ ರದ್ದಿಗೆ ಹೋಗಿರುತ್ತದೆ. ಡಬ್ಬಿ ಬಿಚ್ಚುವ ಹುಡುಗನಿಗೆ ಅದೊಂದು ಗೊಂಬೆ ಅಷ್ಟೇ, ಪೆಗ್‌ಗೆ ತೂಗುಹಾಕಿ ಮುಂದಕ್ಕೆ ಹೋಗುತ್ತಾನೆ. ಅವನದೇನು ತಪ್ಪು?

ಹಾಗಾಗಿ ನಾನು ಸ್ಟಿಕರ್ ನಂಬುವುದನ್ನು ಬಿಟ್ಟು ಬಾರ್‌ಕೋಡ್ ಹಿಡಿದೆ. ತಡೆಹಿಡಿದ ಐಟಂಗಳ ಪಟ್ಟಿ ಬಂದ ದಿನವೇ 12 ಅಂಕಿಯ ಬಾರ್‌ಕೋಡ್‌ನ ಕೊನೆಯ ಐದು ಅಂಕಿಗಳನ್ನು ದೊಡ್ಡದಾಗಿ ಬರೆದು ಲಾರಿ ಇಳಿಸುವ ಬಾಗಿಲಿಗೂ ಮಾಲು ಬಿಚ್ಚುವ ಮೇಜಿಗೂ ಅಂಟಿಸುವುದು. ಸಿಕ್ಕಿದ್ದೆಲ್ಲ ಒಂದೇ ಪ್ಯಾಲೆಟ್‌ಗೆ. ಎಣಿಸಿ, ಕಪ್ಪು ಪ್ಲಾಸ್ಟಿಕ್ ಸ್ಟ್ರೆಚ್ ರ‍್ಯಾಪ್ ಸುತ್ತಿ, ನಾಲ್ಕೂ ಬದಿಗೆ ದಿನಾಂಕ, ಎಣಿಕೆ, ಸುತ್ತಿದವರ ಸಹಿ. ಪಾರದರ್ಶಕ ರ‍್ಯಾಪ್ ಬೇಡ, ಒಳಗೇನಿದೆ ಅಂತ ಕಂಡರೆ ಮೂಲೆ ಹರಿಯುವವರು ಇದ್ದೇ ಇರುತ್ತಾರೆ.

ಹೊಸಬರು ಎಡವುವುದು ಸಿಸ್ಟಮ್‌ನಲ್ಲಿ. ಹೊಸ ಐಟಂಗೆ ಶೆಲ್ಫ್ ಜಾಗ ಮೊದಲೇ ಜೋಡಿಸಿಬಿಟ್ಟರೆ, ಕಂಪ್ಯೂಟರ್ ‘ಸ್ಟಾಕ್ 36, ಶೆಲ್ಫ್‌ನಲ್ಲಿ ಸೊನ್ನೆ’ ಅಂತ ನೋಡಿ ತಾನೇ ತುಂಬಿಸುವ ಪಟ್ಟಿ ಹೊರಡಿಸುತ್ತದೆ. ರಾತ್ರಿಯವನು ಪಟ್ಟಿ ಹಿಡಿದು, ರ‍್ಯಾಪ್ ಹರಿದು, ಚೊಕ್ಕವಾಗಿ ಜೋಡಿಸಿ ಮನೆಗೆ ಹೋಗುತ್ತಾನೆ. ಅದಕ್ಕೇ ಪೆಗ್, ಬೆಲೆ ಚೀಟಿ ಎಲ್ಲ ಮೊದಲೇ ಸಿದ್ಧ ಮಾಡಿ ಮೇಲೆ ರಟ್ಟು ಮುಚ್ಚಿದರೂ, ಸಿಸ್ಟಮ್‌ನಲ್ಲಿ ಜಾಗ ಜೋಡಿಸುವುದನ್ನು ಬಿಡುಗಡೆಯ ಸಂಜೆಗೇ ಇಟ್ಟುಕೊಳ್ಳುತ್ತಿದ್ದೆ.

ಬಿಲ್ಲಿಂಗ್ ಕೌಂಟರ್‌ನ ಬೀಗವನ್ನೂ ಪೂರ್ತಿ ನಂಬಬಾರದು. ಬೀಗ ಅಂದರೆ ಆ ದಿನದವರೆಗೆ ಬಿಲ್ ಆಗದಂತೆ ಕಂಪ್ಯೂಟರ್‌ನಲ್ಲಿ ಹಾಕುವ ತಡೆ, ಅದು ಬೀಳುವುದು ಬಾರ್‌ಕೋಡ್ ಮೇಲೆ. ಒಂದೇ ಸಾಲಿನ ಬೇರೆ ಬೇರೆ ಪಾತ್ರಗಳಿಗೆ ಒಂದೇ ಬಾರ್‌ಕೋಡ್ ಇರುವುದುಂಟು. ಹೊಸ ಪಾತ್ರ ಹಳೇ ಬಾರ್‌ಕೋಡ್‌ನಲ್ಲೇ ಬಂದರೆ ಬೀಗ ಹಾಕುವುದು ಹೇಗೆ? ಹಾಕಿದರೆ ಹಳೆಯದೂ ಮಾರಾಟವಾಗದು. ಮಾಲು ಬಂದ ದಿನವೇ ಒಂದೊಂದು ತುಂಡು ಕೌಂಟರ್‌ಗೆ ಒಯ್ದು ಸ್ಕ್ಯಾನ್ ಮಾಡಿ ನೋಡಿ. ಬೆಲೆ ತೋರಿಸಿತೋ, ಅದಕ್ಕೆ ಬೀಗವಿಲ್ಲ, ಆ ಡಬ್ಬಿಯನ್ನು ಮ್ಯಾನೇಜರ್ ಕೋಣೆಗೆ ಸಾಗಿಸಿ. ಬೀಗ ಇದ್ದಲ್ಲೂ, ಗಿರಾಕಿ ಗಲಾಟೆ ತಾಳಲಾರದೆ ಕ್ಯಾಷಿಯರ್ ಬೆಲೆಯನ್ನು ಕೈಯಲ್ಲೇ ಹೊಡೆದು ಕೊಡುವುದುಂಟು. ಆ ವಾರ ಪ್ರತಿ ಪಾಳಿಗೂ ಮುಖತಃ ಹೇಳಬೇಕು, ಚೀಟಿ ಅಂಟಿಸಿದರೆ ಓದುವವರಿಲ್ಲ.

ಸಂಗ್ರಹಕಾರರು ಐಟಂ ನಂಬರ್ ಸಮೇತ ಬರುತ್ತಾರೆ. ‘ಬಂದಿಲ್ಲ’ ಅನ್ನಬೇಡಿ, ಅವರ ಮೊಬೈಲ್‌ನಲ್ಲೇ ಸ್ಟಾಕ್ ಕಾಣುತ್ತಿರುತ್ತದೆ. ‘ಬಂದಿದೆ ಸರ್, ಆ ದಿನದವರೆಗೆ ಕೊಡೋಕಾಗಲ್ಲ’ ಅಂದರೆ ಮಾತು ಬೆಳೆಯುವುದಿಲ್ಲ. ಸುಮ್ಮನೆ ಗುಟ್ಟು ಯಾಕೆ ಅನ್ನುವವರಿಗೆ 2019ರ ಉದಾಹರಣೆ ಕೊಡಬಹುದು. ಅಕ್ಟೋಬರ್ 4ರಂದು ಸ್ಟಾರ್ ವಾರ್ಸ್ ಆಟಿಕೆಗಳ ಸುರಿಮಳೆಯಾಯಿತು. ನವೆಂಬರ್ 12ಕ್ಕೆ ಶುರುವಾದ ಸ್ಟಾರ್ ವಾರ್ಸ್ ಸರಣಿ ‘ದಿ ಮ್ಯಾಂಡಲೋರಿಯನ್’ನ ಹಸಿರು ಕಿವಿಯ ಮರಿ ‘ಬೇಬಿ ಯೋಡಾ’ದ ಗೊಂಬೆ ಮಾತ್ರ ಒಂದೂ ಇರಲಿಲ್ಲ. ಗುಟ್ಟು ಒಡೆಯಬಾರದೆಂದು ಮೊದಲೇ ಮಾಡಿಸಿರಲಿಲ್ಲ, ಗೊಂಬೆಗಳು ಕೈಗೆ ಸಿಕ್ಕಿದ್ದು 2020ರಲ್ಲಿ. ಆ ಕ್ರಿಸ್‌ಮಸ್‌ನ ಅಷ್ಟೂ ವ್ಯಾಪಾರ ಬಿಟ್ಟುಕೊಟ್ಟರಲ್ಲ!

ಬಿಡುಗಡೆಯ ರಾತ್ರಿ ಹತ್ತಕ್ಕೆ ಕಾರ್ಟನ್ ಬಿಚ್ಚಲು ಶುರು. ಬ್ಲೇಡನ್ನು ರಟ್ಟಿನ ದಪ್ಪದಷ್ಟೇ ಹೊರಗೆ ಬಿಡಿ, ಟೇಪಿನ ನಡುವೆ ಉದ್ದಕ್ಕೆ ಎಳೆಯಬೇಡಿ. ಗೊಂಬೆ ಕಾರ್ಡಿನ ತೂಗುಹಾಕುವ ತೂತು ಮುಚ್ಚಳಕ್ಕೆ ತಾಗಿಕೊಂಡೇ ಇರುತ್ತದೆ, ಒಂದು ಗೀರು ಬಿದ್ದರೆ ಸಂಗ್ರಹಕಾರ ಮುಟ್ಟುವುದಿಲ್ಲ. ಎರಡು ತುದಿ ಕತ್ತರಿಸಿ, ನಡುವಿನ ಟೇಪನ್ನು ಕೈಯಲ್ಲಿ ಎತ್ತಿ ಹರಿಯಿರಿ. 3.75 ಇಂಚಿನ ಗೊಂಬೆ ಸಾಮಾನ್ಯವಾಗಿ ಕಾರ್ಟನ್‌ಗೆ ಎಂಟೋ ಹನ್ನೆರಡೋ. ಎಲ್ಲರೂ ಹುಡುಕುವ ಪಾತ್ರ ಅದರಲ್ಲಿ ಒಂದೋ ಎರಡೋ. ಅವನ್ನು ಒಂದೇ ಪೆಗ್‌ಗೆ ಹಾಕಿದರೆ ಮೊದಲು ಓಡಿ ಬಂದವನು ಗೊಂಚಲನ್ನೇ ಎತ್ತುತ್ತಾನೆ. ಹಂಚಿ ಹಾಕಿ, ಒಬ್ಬರಿಗೆ ಒಂದು ಪಾತ್ರ ಒಂದೇ ಅಂತ ಬಾಗಿಲಲ್ಲೇ ಹೇಳಿ.

ಇಷ್ಟಾಗಿಯೂ ಒಂದು ತುಂಡು ಮುಂಚೆ ಹೊರಗೆ ಹೋಯಿತು ಅನ್ನಿ. ಅದರ ಹಿಂದೆ ಓಡಬೇಡಿ, ಅದು ಆಗಲೇ ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಗೆ ಏರಿರುತ್ತದೆ. ಅದು ನೇತಾಡಿದ್ದ ಪೆಗ್‌ನ ಹಿಂದುಗಡೆ ಕೈ ಹಾಕಿ. ಅದೇ ಬ್ರೇಕ್‌ಪ್ಯಾಕ್ ಡಬ್ಬಿಯ ಇನ್ನೂ ಎರಡೋ ಮೂರೋ ಅಲ್ಲೇ ಇರುತ್ತವೆ.