ಹೊಸ ಬಣ್ಣ ಹಾಕಿದರೂ ವಿಮಾನ ಹಳೇದೇ ಕಾಣುತ್ತಿತ್ತು, ಸರಿಯಾಗಿದ್ದು ಹೀಗೆ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ಕ್ಕೆ ನಾನು ಮಾಡಿರುವ ಸಣ್ಣ ವಿಮಾನದ ಆಡ್-ಆನ್‌ಗೆ ಚಿಕ್ಕಮಗಳೂರಿನ ಗೆಳೆಯರೊಬ್ಬರು ಹೊಸ ಬಣ್ಣದ ಫೈಲ್ ಸೇರಿಸಿದ್ದರು. ಹೀಗೆ ಹೊರಗಿನಿಂದ ಸೇರಿಸುವ ಆಡ್-ಆನ್‌ಗಳನ್ನು ಇಡುವ ಕಮ್ಯುನಿಟಿ ಫೋಲ್ಡರ್‌ನಲ್ಲಿ ಫೈಲ್ ಇದೆ, ರೆಕ್ಕೆ ಮೇಲೆ ಮಾತ್ರ ಇಲ್ಲ. "ಸಾರ್, ಗ್ರಾಫಿಕ್ಸ್ ಕಾರ್ಡೇ ಹೋಯ್ತಾ?" ಅಂತ ಫೋನ್. ಪಾಪ, ಕಾರ್ಡ್ ಏನೂ ಮಾಡಿರಲಿಲ್ಲ.

ಪ್ರತಿ ಪ್ಯಾಕೇಜಿನಲ್ಲೂ, ಅಂದರೆ ಆಡ್-ಆನ್‌ನ ಫೋಲ್ಡರಿನಲ್ಲೂ, ಲೇಔಟ್.ಜೇಸನ್ (layout.json) ಅಂತ ಒಂದು ಫೈಲ್ ಇರುತ್ತದೆ. ಒಳಗಿನ ಫೈಲುಗಳು ಎಲ್ಲಿವೆ, ಗಾತ್ರ ಎಷ್ಟು, ತಾರೀಖು ಯಾವುದು ಎಲ್ಲ ಅದರಲ್ಲಿ ಬರೆದಿರುತ್ತದೆ. ರೇಷನ್ ಕಾರ್ಡ್ ಇದ್ದ ಹಾಗೆ, ಹೆಸರಿಲ್ಲದವರಿಗೆ ಅಕ್ಕಿ ಇಲ್ಲ. ಹೊಸ ಬಣ್ಣದ ಫೈಲಿನ ಹೆಸರು ಆ ಪಟ್ಟಿಯಲ್ಲಿರಲಿಲ್ಲ, ಹಾಗಾಗಿ ಸಿಮ್ಯುಲೇಟರ್ ಅದನ್ನು ಓದಿರಲಿಲ್ಲ. ಹಾಸನದಿಂದಲೇ ಅವರ ಸ್ಕ್ರೀನ್ ನೋಡಿಕೊಂಡು, ಲೇಔಟ್.ಜೇಸನ್ ಫೈಲನ್ನು, ಪಟ್ಟಿಯನ್ನು ತಾನೇ ಹೊಸದಾಗಿ ಬರೆಯುವ ಲೇಔಟ್ ಜನರೇಟರ್ ಟೂಲ್ ಮೇಲೆ ಎಳೆದು ಬಿಡಿಸಿದೆ, ಪಟ್ಟಿ ಹೊಸದಾಯಿತು, ಸಿಮ್ಯುಲೇಟರ್ ಮುಚ್ಚಿ ತೆರೆದರೆ ರೆಕ್ಕೆ ಹಳದಿ! ಕೈಯಲ್ಲೇ ತಿದ್ದಬಹುದು, ಆದರೆ ಒಂದು ಕಾಮಾ ತಪ್ಪಿದರೂ ಇಡೀ ವಿಮಾನವೇ ಮಾಯವಾಗಬಹುದು, ಸುಮ್ನೆ ತಲೆನೋವು ಯಾಕೆ ಅಲ್ವಾ?