ಮಾದರಿ ವಿಮಾನಕ್ಕೆ ಬರಿ ಅಲ್ಯೂಮಿನಿಯಂ ಮೈ

ಹಸಿರು, ಬೂದು ಬಣ್ಣ ಬಳಿದ ಪ್ಲಾಸ್ಟಿಕ್ ಮಾದರಿಯಲ್ಲಿ ಸಣ್ಣಪುಟ್ಟ ಗೀರುಗಳು ಬಣ್ಣದಡಿ ಮುಚ್ಚಿಹೋಗುತ್ತವೆ. ಬರಿ ಅಲ್ಯೂಮಿನಿಯಂನಂತೆ ಕಾಣಲೆಂದು ಬಳಿಯುವ ಲೋಹದ ಬಣ್ಣ ಹಾಗಲ್ಲ. ಅದರ ಪದರ ತೀರಾ ತೆಳು, ಮೇಲೆ ಹೊಳಪು ಬೇರೆ. ಅಡಿಯಲ್ಲಿರುವ ಗೀರು, ಧೂಳಿನ ಕಣ, ಅಂಟಿನ ಗುರುತು ಎಲ್ಲವನ್ನೂ ಎತ್ತಿ ತೋರಿಸುತ್ತದೆ. ಹಾಗಾಗಿ ಕೆಲಸದ ಮುಕ್ಕಾಲು ಪಾಲು ಬೆಳ್ಳಿ ಬಣ್ಣದ ಬಾಟಲಿ ತೆರೆಯುವ ಮೊದಲೇ ಮುಗಿದಿರಬೇಕು.

ಮೊದಲು ಅಸಲಿ ವಿಮಾನದ ಫೋಟೊ

ಬೆಳ್ಳಿಯಂತೆ ಕಾಣುವುದೆಲ್ಲ ಬರಿ ಲೋಹವಲ್ಲ. ಎರಡನೇ ಮಹಾಯುದ್ಧದ ಅಮೆರಿಕದ ಪಿ-51ಡಿ ಮಸ್ಟಾಂಗ್ ಯುದ್ಧವಿಮಾನವನ್ನೇ ನೋಡಿ. ಅದರ ಒಡಲು ಬರಿ ಅಲ್ಯೂಮಿನಿಯಂ. ಆದರೆ ರೆಕ್ಕೆಯ ಮೇಲೆ ಗಾಳಿ ನಯವಾಗಿ ಹರಿಯಲೆಂದು ಕಾರ್ಖಾನೆಯಲ್ಲೇ ರಿವೆಟ್ ಮತ್ತು ತಗಡಿನ ಸಂದುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಬೆಳ್ಳಿ ಬಣ್ಣ ಹೊಡೆಯುತ್ತಿದ್ದರು. ಮಾದರಿಯ ರೆಕ್ಕೆಯಲ್ಲಿ ರಿವೆಟ್ ಸಾಲುಗಳನ್ನು ಕಪ್ಪಾಗಿ ಎದ್ದು ತೋರಿಸಿದರೆ ಅದು ತಪ್ಪು. ಅಲ್ಲಿ ಒಂದೇ ಸಮನಾದ, ತುಸು ಮಂಕು ಬೆಳ್ಳಿ ಸಾಕು. ಬಟ್ಟೆ ಹೊದಿಸಿದ ರಡ್ಡರ್ (ಬಾಲದಲ್ಲಿ ದಿಕ್ಕು ತಿರುಗಿಸುವ ಫಲಕ) ಕೂಡ ಹಾಗೆಯೇ, ಹೊಳೆಯಬಾರದು.

ಸಂದು ಮತ್ತು ಉಜ್ಜುವಿಕೆ

ಎರಡು ಭಾಗ ಸೇರುವ ಸಂದಿಗೆ ಪುಟ್ಟಿಗಿಂತ ಸೂಪರ್ ಗ್ಲೂ ಮೇಲು. ಪುಟ್ಟಿ ಒಣಗುತ್ತಾ ಕುಗ್ಗುತ್ತದೆ, ಬಣ್ಣವನ್ನೂ ಹೀರುತ್ತದೆ. ವಾರ ಕಳೆದ ಮೇಲೆ ಸಂದಿನ ಗೆರೆ ಮತ್ತೆ ಮೂಡುತ್ತದೆ. ಸೂಪರ್ ಗ್ಲೂ ಗಟ್ಟಿಯಾದ ಮೇಲೆ ಒಂದು ಗಂಟೆಯೊಳಗೆ ಉಜ್ಜಿಬಿಡಿ. ರಾತ್ರಿ ಕಳೆದರೆ ಅದು ಪ್ಲಾಸ್ಟಿಕ್‌ಗಿಂತ ಗಡಸಾಗುತ್ತದೆ. ಆಗ ಉಜ್ಜಿದಷ್ಟೂ ಅಕ್ಕಪಕ್ಕದ ಪ್ಲಾಸ್ಟಿಕ್ ಸವೆದು ಹಳ್ಳ ಬೀಳುತ್ತದೆ, ಅಂಟು ದಿಬ್ಬವಾಗಿ ಉಳಿಯುತ್ತದೆ.

ವಾಟರ್ ಪೇಪರ್ (ನೀರು ಹಚ್ಚಿ ಉಜ್ಜುವ ಮರಳು ಕಾಗದ, ಸಂಖ್ಯೆ ಹೆಚ್ಚಿದಷ್ಟೂ ನಯ) 600ರಿಂದ ಶುರುಮಾಡಿ 1000, 1500, 2000ಕ್ಕೆ ಹೋಗಿ, ನೀರು ಹಚ್ಚಿಕೊಂಡೇ ಉಜ್ಜಿ. ಪ್ರತಿ ಪೇಪರ್‌ಗೂ ದಿಕ್ಕು ಬದಲಿಸಿ. ಹಿಂದಿನದರ ಗೀರುಗಳು ಅಡ್ಡಲಾಗಿ ಕಾಣುತ್ತಿರುವವರೆಗೆ ಮುಂದಿನದಕ್ಕೆ ಹೋಗಬೇಡಿ. ಕೊನೆಗೆ ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಪೂರ್ತಿ ಒಣಗಿಸಿ. ಇಲ್ಲಿಂದಾಚೆ ಗ್ಲೌಸ್ ಇಲ್ಲದೆ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ಬೆಳ್ಳಿಯ ಮೇಲೆ ಅಚ್ಚೊತ್ತಿದಂತೆ ಕಾಣುತ್ತದೆ.

ಕಪ್ಪು ತಳಪದರ

ಹೆಚ್ಚು ಹೊಳಪಿನ ಬೆಳ್ಳಿಗೆ ಹೊಳೆಯುವ ಕಪ್ಪೇ ತಳಪಾಯ. ತಳ ನಯವಾಗಿದ್ದರೆ ಲೋಹದ ಚೂರುಗಳು ಅದರ ಮೇಲೆ ಚಪ್ಪಟೆಯಾಗಿ ಮಲಗಿ ಬೆಳಕನ್ನು ಒಂದೇ ಕಡೆ ತಿರುಗಿಸುತ್ತವೆ. ತಳ ಒರಟಾದರೆ ಅಡ್ಡಾದಿಡ್ಡಿ ನಿಂತು ಬೂದುಬಣ್ಣವಾಗುತ್ತವೆ. ಟಮಿಯಾ ಕಂಪನಿಯ ಎಕ್ಸ್-1 ಹೊಳೆಯುವ ಕಪ್ಪನ್ನು ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಜೊತೆ ಸಮಸಮ ಬೆರೆಸಿ, ಏರ್‌ಬ್ರಷ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಸುಮಾರು 15 ಪಿಎಸ್‌ಐ ಒತ್ತಡದಲ್ಲಿ ಎರಡು ತೆಳು ಕೋಟ್, ಆಮೇಲೆ ಒಂದು ಒದ್ದೆ ಕೋಟ್ ಕೊಡಿ. ಧೂಳು ಕೂರದಂತೆ ಮಾದರಿಯ ಮೇಲೆ ಡಬ್ಬಿ ಮುಚ್ಚಿಡಿ.

ಹೆಚ್ಚಿನವರು ಎಡವುವುದು ಇಲ್ಲೇ. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಹಸಿಯಾಗಿರುತ್ತದೆ. ಕನಿಷ್ಠ 24 ಗಂಟೆ, ಎನಾಮಲ್ (ನಿಧಾನವಾಗಿ ಒಣಗುವ ಎಣ್ಣೆ ಬಣ್ಣ) ಕಪ್ಪಾದರೆ 48 ಗಂಟೆ ಅಥವಾ ಇನ್ನೂ ಹೆಚ್ಚು ಬಿಡಿ. ಮೂಗಿನ ಬಳಿ ಹಿಡಿದಾಗ ಥಿನ್ನರ್ ವಾಸನೆ ಬಂದರೆ ಇನ್ನೂ ಕಾಯಬೇಕು. ಅವಸರಪಟ್ಟು ಮೇಲೆ ಬೆಳ್ಳಿಯ ಲ್ಯಾಕರ್ (ಬೇಗ ಒಣಗುವ, ತೀಕ್ಷ್ಣ ದ್ರಾವಕದ ಬಣ್ಣ) ಹೊಡೆದರೆ ಅದರ ದ್ರಾವಕ ಕೆಳಗಿನ ಹಸಿ ಪದರವನ್ನು ಕರಗಿಸಿ, ಬತ್ತಿದ ಕೆರೆಯ ತಳದಂತೆ ಮೈಯೆಲ್ಲ ಬಿರುಕು ಬಿಡುತ್ತದೆ. ಆಮೇಲೆ ಉಜ್ಜಿ ತೆಗೆಯುವುದಲ್ಲದೆ ಬೇರೆ ದಾರಿಯಿಲ್ಲ.

ಬೆಳ್ಳಿ

ಆಲ್‌ಕ್ಲಾಡ್-2 ಲ್ಯಾಕರ್‌ಗೆ ಥಿನ್ನರ್ ಬೇಡ, ಬಾಟಲಿಯನ್ನು ಚೆನ್ನಾಗಿ ಕುಲುಕಿದರೆ ಸಾಕು. ಒತ್ತಡ 12ರಿಂದ 15 ಪಿಎಸ್‌ಐ, ದೂರ ಐದಾರು ಸೆಂಟಿಮೀಟರ್, ಬಣ್ಣ ಆದಷ್ಟು ಕಡಿಮೆ. ಕಿಟಕಿ ತೆರೆದಿರಲಿ, ರಾಸಾಯನಿಕ ಆವಿ ತಡೆಯುವ ಫಿಲ್ಟರ್ ಮಾಸ್ಕ್ ಇರಲಿ. ಬಟ್ಟೆಯ ಮಾಸ್ಕ್ ಉಪಯೋಗಕ್ಕೆ ಬಾರದು. ಮೊದಲ ಸುತ್ತಿನಲ್ಲಿ ಬಣ್ಣವೇ ಕೂರುತ್ತಿಲ್ಲ ಅನ್ನಿಸುತ್ತದೆ. ಗಾಬರಿಯಾಗಿ ಟ್ರಿಗರ್ ಎಳೆಯಬೇಡಿ. ಮೂರು-ನಾಲ್ಕು ಸುತ್ತಿಗೆ ಕಪ್ಪು ಮಾಯವಾಗುವ ಆ ಹೊತ್ತಿಗೇ ನಿಲ್ಲಿಸಿ. ಮೇಲೆ ಇನ್ನಷ್ಟು ಹೊಡೆದರೆ ಹೊಳಪು ಹೆಚ್ಚುವುದಿಲ್ಲ, ಸತ್ತುಹೋಗುತ್ತದೆ.

ಕ್ರೋಮ್ ಬಣ್ಣದ ಆಸೆ ಬೇಡ. ಅಸಲಿಯ 1/72, 1/48 ಅಳತೆಯ ಮಾದರಿಯಲ್ಲಿ ಅದು ಆಟಿಕೆಯಂತೆ ಕಾಣುತ್ತದೆ. ವಾಸನೆ ಆಗದವರಿಗೆ ವಲ್ಲೆಹೊ ಮೆಟಲ್ ಕಲರ್ ನೀರಿನ ಬಣ್ಣವಿದೆ. ಅಕ್ಕಪಕ್ಕ ಬಣ್ಣ ತಾಗದಂತೆ ಅಂಟಿಸುವ ಮಾಸ್ಕಿಂಗ್ ಟೇಪ್ ತಡೆಯುವ ಶಕ್ತಿ ಮಾತ್ರ ತುಸು ಕಡಿಮೆ.

ತಗಡು ತಗಡಿಗೂ ಬೇರೆ ಛಾಯೆ

ಅಸಲಿ ವಿಮಾನದ ತಗಡುಗಳು ಒಂದೇ ಬಣ್ಣದವಲ್ಲ. ಮರುದಿನ ಐದಾರು ಪ್ಯಾನೆಲ್‌ಗಳನ್ನಷ್ಟೇ ಆರಿಸಿ: ಎಂಜಿನ್ ಮುಚ್ಚಳ, ಬಂದೂಕಿನ ಬಾಗಿಲು, ಎಕ್ಸಾಸ್ಟ್ ಸುತ್ತಲಿನ ತಗಡು. ಅವಕ್ಕೆ ಡಾರ್ಕ್ ಅಲ್ಯೂಮಿನಿಯಂ ಅಥವಾ ಡ್ಯೂರಾಲುಮಿನ್ ಎಂಬ ಲೋಹದ ಛಾಯೆಯನ್ನು ತೆಳುವಾಗಿ ಹೊಡೆಯಿರಿ. ಎಲ್ಲಕ್ಕೂ ಬೇರೆ ಬೇರೆ ಛಾಯೆ ಕೊಟ್ಟರೆ ವಿಮಾನ ಚದುರಂಗದ ಮಣೆಯಾಗುತ್ತದೆ. ಟೇಪನ್ನು ಮೊದಲು ಅಂಗೈಗೆ ಎರಡು ಮೂರು ಸಲ ಅಂಟಿಸಿ ಕಿತ್ತು ಅಂಟು ಕಡಿಮೆ ಮಾಡಿಕೊಳ್ಳಿ. ತೆಗೆಯುವಾಗ ಮೇಲಕ್ಕೆ ಎಳೆಯದೆ ಹಿಂದಕ್ಕೆ ಮಡಚಿ ನಿಧಾನವಾಗಿ ಬಿಡಿಸಿ.

ಎಫ್-100 ಸೂಪರ್ ಸೇಬರ್‌ನಂಥ ಜೆಟ್‌ಗಳ ಬಾಲ ಶಾಖಕ್ಕೆ ಕಂದು, ನೀಲಿಯಾಗಿರುತ್ತದೆ. ಪಾರದರ್ಶಕ ಕಂದು ಮತ್ತು ನೀಲಿಯನ್ನು ತುಂಬಾ ತೆಳುವಾಗಿಸಿ, ಒಂದರ ಅಂಚಿನಲ್ಲಿ ಇನ್ನೊಂದು ಬರುವಂತೆ ಪಟ್ಟಿಪಟ್ಟಿಯಾಗಿ ಕೊಡಿ.

ಡೆಕಾಲ್, ವಾಶ್

ಇಡೀ ಮಾದರಿಗೆ ಕ್ಲಿಯರ್ ಕೋಟ್ ಬೇಡ, ಲೋಹದ ಕಳೆ ಹೋಗುತ್ತದೆ. ಮೈ ನಯವಾಗಿಯೇ ಇರುವುದರಿಂದ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿಹ್ನೆ, ಅಂಕಿಗಳ ತೆಳು ಚಿತ್ರ) ನೇರವಾಗಿ ಕೂರುತ್ತದೆ. ಸುತ್ತಲಿನ ಪಾರದರ್ಶಕ ಹಾಳೆಯನ್ನು ಅಂಚಿನವರೆಗೂ ಕತ್ತರಿಸಿ, ಕೆಳಗೆ ಮೈಕ್ರೊ ಸೆಟ್ (ಡೆಕಾಲ್ ಚೆನ್ನಾಗಿ ಅಂಟಲು ಹಚ್ಚುವ ದ್ರವ) ಹಚ್ಚಿ ಕೂರಿಸಿ. ಡೆಕಾಲ್ ಒಣಗಿದ ಮೇಲೆ ಅದರ ಮೇಲೆ ಮಾತ್ರ ತೆಳುವಾದ ಕ್ಲಿಯರ್ ಸಾಕು. ಪ್ಯಾನೆಲ್ ಗೆರೆಗಳಿಗೆ ಅಚ್ಚ ಕಪ್ಪು ಬೇಡ, ಕಂದು ಬೆರೆತ ಬೂದು ವಾಶ್ (ಗೆರೆಯೊಳಗೆ ಇಳಿದು ನಿಲ್ಲುವ ತೀರಾ ತೆಳು ಬಣ್ಣ) ಚೆನ್ನ. ಎನಾಮಲ್ ವಾಶ್ ಆದರೆ, ಇದೇ ಪದರಗಳನ್ನು ಇದೇ ಕ್ರಮದಲ್ಲಿ ಬಳಿದ ಪ್ಲಾಸ್ಟಿಕ್ ಚಮಚದ ಮೇಲೆ ಮೊದಲು ಪರೀಕ್ಷಿಸಿ. ಒರೆಸಿದಾಗ ಹತ್ತಿಗೆ ಬೆಳ್ಳಿ ಅಂಟಿದರೆ ನೀರಿನ ವಾಶ್‌ಗೆ ಬದಲಿಸಿಕೊಳ್ಳಿ.